ಮೊದಲನೇ ಡಿಕಾಕ್ಷನ್

ಶ್ರೀಪಾದರ ಪ್ರಿಂಟಿಂಗ್ ಪ್ರೆಸ್ ಬಾಗಿಲು ಹಾಕಿದ ವರ್ಷವೇ ಅವರ ಹೆಂಡತಿ ವನಮಾಲ ಮಾಡುವ ಚಟ್ನಿಪುಡಿ ಊರೂರಿಗೆ ಹೊರಟಿತು. ಒಂದೇ ಮನೆಯಲ್ಲಿದ್ದರೂ ಇನ್ನು ಮೇಲೆ ಅವರವರದು ಅವರವರಿಗೆ ಎಂದು ಕರಾರು ಬರೆಸಲು ಇಬ್ಬರೂ ವಕೀಲರ ಮುಂದೆ ಕೂತರು. ಸಾಕ್ಷಿಗೆಂದು, ಹನ್ನೆರಡು ವರ್ಷದಿಂದ ಮನೆಯಲ್ಲಿ ಅಡುಗೆ ಮಾಡುವ ಕಮಲಮ್ಮನನ್ನು ಕರೆತಂದಿದ್ದರು.

ಮನೆ, ಕಾರು, ಒಡವೆ ಹತ್ತೇ ನಿಮಿಷದಲ್ಲಿ ಇತ್ಯರ್ಥವಾದವು. ಎಲ್ಲದಕ್ಕೂ ತಲೆಯಾಡಿಸಿದ ಶ್ರೀಪಾದರು ಕೊನೆಗೆ ಪಟ್ಟು ಹಿಡಿದರು.

"ಬೆಳಗಿನ ಮೊದಲನೇ ಡಿಕಾಕ್ಷನ್ ನನಗೇ ಅಂತ ಬರೀರಿ. ಅದೇ ಪುಡಿಗೆ ಮತ್ತೆ ನೀರು ಹುಯ್ದು ಇಳಿಸಿದ ಎರಡನೇದನ್ನ ನಾನು ಮೂಸಿಯೂ ನೋಡಲ್ಲ."

"ಕಾಫಿಪುಡಿ ಬರೋದು ಯಾರ ದುಡ್ಡಲ್ಲಿ? ಎರಡನೇದು ನನ್ನ ಗಂಟಲಲ್ಲೂ ಇಳಿಯಲ್ಲ ರೀ," ಎಂದರು ವನಮಾಲ.

"ಹಾಗಾದ್ರೆ ಈ ಮದುವೆನೇ ಬೇಡ ಬಿಡು!"

ಮಧ್ಯಾಹ್ನ ಮೂರಾಯಿತು. ವಕೀಲರು ಊಟ ಬಿಟ್ಟು ನಾಲ್ಕು ಸಲ ಹರಿದು ಬರೆದರು. ಅಂತೂ ಸೋಮ, ಬುಧ, ಶುಕ್ರ ಗಂಡನಿಗೆ. ಮಂಗಳ, ಗುರು, ಶನಿ ಹೆಂಡತಿಗೆ. ಭಾನುವಾರ ಇಬ್ಬರಿಗೂ ಅರ್ಧರ್ಧ ಎಂದಾಯಿತು. ಇಬ್ಬರ ಸಹಿಯೂ ಬಿತ್ತು. ಶ್ರೀಪಾದರಿಗೆ ಮುಚ್ಚಿದ ಪ್ರೆಸ್ಸೇ ಮರಳಿ ಬಂದಷ್ಟು ಹಿಗ್ಗು.

ವಕೀಲರು ಪೆನ್ನನ್ನು ಕಮಲಮ್ಮನ ಕಡೆ ಚಾಚಿದರು. ಆಕೆ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು.

"ನನ್ನ ಪಾಲನ್ನ ನೀವಿಬ್ರೂ ಹಂಚ್ಕೊಂಡ್ರೆ ನಾನ್ಯಾಕೆ ರುಜು ಹಾಕ್ಲಿ ಯಜಮಾನ್ರೇ? ಇಷ್ಟು ವರ್ಷ ನಿಮಗಿಬ್ರಿಗೂ ಕೊಟ್ಟಿರೋದು ಎರಡನೇದೇ."