ನಾವು ಬರೆಯಬಹುದೇ?

ಉತ್ತರ ಓದುತ್ತಿದ್ದಂತೆ ತಂಗಿಯ ಕೈಯಲ್ಲಿದ್ದ ಚಹಾ ಲೋಟ ಅರ್ಧ ದಾರಿಯಲ್ಲೇ ನಿಂತಿತು. ಅಂಗಡಿಯ ವೆಬ್‌ಸೈಟಿನಲ್ಲಿ ವಿಗ್ ನೋಡಿ, ತಲೆಯ ಅಳತೆ ಕೊಟ್ಟು, ಕೊಳ್ಳದೆ ಹೋದ ಎಪ್ಪತ್ತು ಮಂದಿಗೆ ಅವಳು ಬೆಳಿಗ್ಗೆಯಷ್ಟೇ ಇಮೇಲ್ ಕಳಿಸಿದ್ದಳು: 'ನೀವು ಮೆಚ್ಚಿದ ಕೂದಲು ನಿಮಗಾಗಿ ಕಾಯುತ್ತಿದೆ.'

"ಅಕ್ಕಾ, ಸ್ವಲ್ಪ ಇಲ್ಲಿ ಬಾ."

ಅಕ್ಕ ಹೊಲಿಯುತ್ತಿದ್ದ ವಿಗ್ಗಿಗೇ ಸೂಜಿ ಚುಚ್ಚಿಟ್ಟು ಬಂದಳು. ಪರದೆಯ ಮೇಲೆ ಹೀಗಿತ್ತು: 'ಅಮ್ಮನ ಫೋನಿಗೆ ನಿಮ್ಮ ಮೇಲ್ ಬಂದಿದೆ. ನಾನು ಅವಳ ಮಗಳು, ಆರನೇ ಕ್ಲಾಸು. ನಮ್ಮಮ್ಮನಿಗೆ ಸೊಂಟದವರೆಗೆ ಜಡೆ ಇದೆ. ಅವಳಿಗೆ ವಿಗ್ ಯಾಕೆ?'

"ಬರೀಬಹುದಾ ಅಂತ ಅವರನ್ನ ಕೇಳಿದ್ಯಾ?"

"ಅಳತೆ ಬರೆಯೋ ಕಡೆ 'ನಾವು ನಿಮಗೆ ಬರೆಯಬಹುದೇ' ಅಂತ ಒಂದು ಚೌಕ ಇತ್ತು. ಒಬ್ಬರೂ ಅದನ್ನ ಒತ್ತುತ್ತಿರಲಿಲ್ಲ, ತೆಗೆದುಬಿಟ್ಟೆ. ವಾರದಿಂದ ಒಬ್ಬ ಗಿರಾಕಿಯೂ ಇಲ್ಲದೆ ನೀನು ಕೂತಿದ್ದು ನೋಡೋಕಾಗಲಿಲ್ಲ ಕಣೇ."

ಅಕ್ಕ ಬೈಯಲಿಲ್ಲ. ಬೈದಿದ್ದರೆ ತಂಗಿಗೆ ಹಗುರವಾಗುತ್ತಿತ್ತು. ಬೀದಿಯಲ್ಲಿ ಗಿರಾಕಿ ಎದುರಾದರೆ ಅಕ್ಕ ಕಂಡೂ ಕಾಣದವಳಂತೆ ನಡೆದುಬಿಡುತ್ತಿದ್ದಳು. ಅವರಾಗಿ ನಕ್ಕರೆ ಮಾತ್ರ ಇವಳ ನಗು. ಇಪ್ಪತ್ತು ವರ್ಷದಿಂದ ಹಾಗೆಯೇ. ಮನೆಯವರ ಮುಂದೆಯೂ ತೆಗೆಯದ ತಲೆವಸ್ತ್ರವನ್ನು ಜನ ಈ ಅಂಗಡಿಯ ಕನ್ನಡಿಯೆದುರು ತೆಗೆಯುತ್ತಿದ್ದರು.

ತಂಗಿ ಆ ಎಪ್ಪತ್ತು ಮಂದಿಯ ಪಟ್ಟಿ ತೆರೆದು ಆ ತಾಯಿಯ ವಿಳಾಸ ಹುಡುಕಿದಳು. ಅಳತೆಯ ಕೆಳಗೆ ಆಕೆ ತಾನಾಗಿ ಬರೆದಿದ್ದಳು: 'ಜಡೆ ಹೆಣೆಯಲು ಬರಬೇಕು. ಚಿಕಿತ್ಸೆ ಶುರುವಾದ ಮೇಲೂ ಮಗಳಿಗೆ ವ್ಯತ್ಯಾಸ ತಿಳಿಯಬಾರದು.'

"ಏನಂತ ಬರೀಲಿ, ಅಕ್ಕಾ?"

"ಮಗು ಕಾಯ್ತಾ ಇರುತ್ತೆ. ತಪ್ಪಾಗಿ ಕಳಿಸಿದೆ ಅಂತ ಬರಿ. ಅದೇನೂ ಸುಳ್ಳಲ್ಲವಲ್ಲ."

'ತಪ್ಪಾಗಿ ಕಳಿಸಿಬಿಟ್ಟೆ ಪುಟ್ಟಾ, ಕ್ಷಮಿಸು' ಎಂದು ಬರೆದು ತಂಗಿ ಕಳಿಸಿದಳು. ಅಕ್ಕ ಆರಿಹೋದ ಚಹಾವನ್ನು ಮತ್ತೆ ಬಿಸಿ ಮಾಡಿ ತಂದು ಅವಳ ಪಕ್ಕದಲ್ಲಿಟ್ಟಳು. ತನ್ನ ಮಣೆಯನ್ನೂ ಅಲ್ಲಿಗೇ ಎಳೆದುಕೊಂಡಳು. ಇಬ್ಬರೂ ಪರದೆಯನ್ನೇ ನೋಡುತ್ತ ಕುಳಿತರು. ಲೋಟವನ್ನು ಯಾರೂ ಮುಟ್ಟಲಿಲ್ಲ.

ಉತ್ತರ ಬಂತು.

'ಅಬ್ಬಾ, ಎಷ್ಟು ಹೆದರಿದ್ದೆ ಗೊತ್ತಾ ಆಂಟಿ. ಅಮ್ಮ ಮಲಗಿದ್ದಾಳೆ. ಎದ್ದ ಮೇಲೆ ಇದನ್ನ ತೋರಿಸಿ ನಗಿಸ್ತೀನಿ.'