ಒಂದು ಕೈಗೆ ಸಾಕಾಗುವ ಬ್ಯಾಗು

ಅಂಗಡಿಯಲ್ಲಿ ತೆಗೆದು ನೋಡಿದ ನಾಲ್ಕನೆಯ ಬ್ಯಾಗಿನ ಜಿಪ್ಪೂ ಅರ್ಧಕ್ಕೆ ನಿಂತಿತು. ಅವನು ಬಲಗೈಯಿಂದ ಎಳೆದಷ್ಟೂ ಬ್ಯಾಗೇ ಜಿಪ್ಪಿನ ಹಿಂದೆ ಎದ್ದು ಬರುತ್ತಿತ್ತು. ಅದನ್ನು ಅದುಮಿ ಹಿಡಿಯಬೇಕಾದ ಎಡಗೈ ಪಕ್ಕದಲ್ಲಿ ಸುಮ್ಮನೆ ಜೋತುಬಿದ್ದಿತ್ತು. ಏಳು ತಿಂಗಳ ಹಿಂದೆ ಬೈಕಿನಿಂದ ಬಿದ್ದಾಗ ಭುಜದ ನರ ಹರಿದು ಆ ಕೈ ಸ್ವಾಧೀನ ತಪ್ಪಿತ್ತು.

“ತಾ ಇಲ್ಲಿ, ನಾನು ತೆಗೀತೀನಿ,” ಎಂದು ಅಕ್ಕ ಕೈ ಚಾಚಿದಳು.

“ಭಾನುವಾರ ರೇಸಲ್ಲೂ ನನ್ನ ಹಿಂದೆ ಓಡಿಬರ್ತೀಯೇನಕ್ಕಾ, ಜಿಪ್ ತೆಗೆಯೋಕೆ?”

ಅವಳು ಚಾಚಿದ ಕೈ ಹಿಂದಕ್ಕೆ ತೆಗೆದುಕೊಂಡಳು.

ಅವನು ಪತ್ರಿಕೆಯೊಂದರ ಫೋಟೋಗ್ರಾಫರ್. ಭಾನುವಾರದ ಸೈಕಲ್ ರೇಸು ಅಪಘಾತದ ನಂತರ ಸಿಕ್ಕ ಮೊದಲ ಕೆಲಸ. ಅದನ್ನು ಒಪ್ಪಿಸುವಾಗ ಸಂಪಾದಕರು ಬೆನ್ನು ತಟ್ಟಿ, “ಒಂದು ಸಲ ನೋಡೋಣ. ಆಗ್ಲಿಲ್ಲಾಂದ್ರೂ ಬೇಜಾರು ಮಾಡ್ಕೋಬೇಡ. ಆಫೀಸಲ್ಲೇ ಕೂತು ಬೇರೆಯವರ ಫೋಟೋ ಆರಿಸೋ ಕೆಲಸ ಇದ್ದೇ ಇದೆ,” ಎಂದಿದ್ದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದ. ಆ ಒಳ್ಳೆಯ ಮಾತೇ ಅವನ ನಿದ್ದೆ ಕೆಡಿಸಿತ್ತು.

ಹೊಲಿಗೆ ಯಂತ್ರದ ಹಿಂದಿನಿಂದ ಅಂಗಡಿಯಾಕೆ ಎದ್ದು ಬಂದಳು. ಐವತ್ತು ದಾಟಿದ ಹೆಂಗಸು, ಕನ್ನಡಕ ತಲೆಯ ಮೇಲೆ. ಬ್ಯಾಗು ಮಾರುವುದೂ ಅವಳೇ, ರಿಪೇರಿ ಮಾಡುವುದೂ ಅವಳೇ. ಈಗ ‘ಅಯ್ಯೋ ಪಾಪ’ ಎನ್ನುತ್ತಾಳೆ ಎಂದುಕೊಂಡು ಅವನು ಮುಖ ಬಿಗಿ ಮಾಡಿಕೊಂಡ. ಅವಳು ಆ ಕೈಯನ್ನೊಮ್ಮೆ ನೋಡಿ, ಟೇಬಲ್ಲಿನ ಮೇಲಿದ್ದುದನ್ನೆಲ್ಲ ಬದಿಗೆ ಸರಿಸಿದಳು.

“ಒಳಗೆ ಏನೇನು ಇಡ್ತೀರೋ, ಎಲ್ಲಾ ಇಲ್ಲಿ ಹರಡಿ.”

ಒಂದು ಕ್ಯಾಮೆರಾ. ದೂರಕ್ಕೊಂದು, ಹತ್ತಿರಕ್ಕೊಂದು ಲೆನ್ಸ್. ಬ್ಯಾಟರಿ, ಒರೆಸುವ ಬಟ್ಟೆ.

“ಇಷ್ಟೇನಾ?”

“ಮುಂಚೆ ಮನೆ ಖಾಲಿ ಮಾಡಿದವನ ಥರ ಹೊತ್ಕೊಂಡು ಹೋಗ್ತಿದ್ದೆ. ಈಗ ಇಷ್ಟೇ.”

“ಲೆನ್ಸ್ ಬದಲಾಯಿಸೋದು ಹೇಗೆ?”

ಈ ಪ್ರಶ್ನೆಯನ್ನು ಸಂಪಾದಕರೂ ಕೇಳಿರಲಿಲ್ಲ. “ಮನೇಲಾದ್ರೆ ಕ್ಯಾಮೆರಾನ ಮಂಡಿ ಮಧ್ಯೆ ಒತ್ತಿಹಿಡಿದು ತಿರುಗಿಸ್ತೀನಿ,” ಎಂದ. “ರಸ್ತೇಲಿ ನಿಂತ್ಕೊಂಡು... ಗೊತ್ತಿಲ್ಲ.”

ಅವಳು ತನ್ನ ಎಡಗೈಯನ್ನು ಬೆನ್ನ ಹಿಂದೆ ಒಯ್ದು ಏಪ್ರನ್ನಿನ ಪಟ್ಟಿಗೆ ಸಿಕ್ಕಿಸಿಕೊಂಡಳು. ಆಮೇಲೆ ಅಂಗಡಿಯ ಬ್ಯಾಗುಗಳನ್ನು ಒಂದೊಂದಾಗಿ ಹೆಗಲಿಗೆ ಹಾಕಿಕೊಂಡು, ಒಂದೇ ಕೈಯಲ್ಲಿ ತೆಗೆದು ಹಾಕಿ ನೋಡತೊಡಗಿದಳು. ಬಕಲ್ ಇದ್ದದ್ದು ಮೊದಲಿಗೇ ಮೂಲೆ ಸೇರಿತು. ಪರ್ರೆಂದು ಕಿತ್ತುಬರುವ ಪಟ್ಟಿಯದನ್ನು ಎರಡು ಸಲ ತೆಗೆದು, “ಯಾರಾದ್ರೂ ಭಾಷಣ ಮಾಡ್ತಿರುವಾಗ ಇದನ್ನ ತೆಗೆದ್ರೆ ನಿಮ್ಮನ್ನ ಎತ್ತಿ ಆಚೆಗೆ ಹಾಕ್ತಾರೆ,” ಎಂದಳು. ಗಾಜಿನ ಹಿಂದೆ ಮೆರೆಯುತ್ತಿದ್ದ ಚರ್ಮದ ಬ್ಯಾಗನ್ನು ತಂದು, ಅದರೊಡನೆ ಗುದ್ದಾಡಿ, ಕೊನೆಗೆ ಹಲ್ಲಿನಲ್ಲಿ ಕಚ್ಚಿ ತೆಗೆದಳು. “ನೋಡೋಕೆ ರಾಜ. ಕೆಲಸಕ್ಕೆ ಕರೆದ್ರೆ ಮಾತ್ರ ಏಳಲ್ಲ.”

ಅಕ್ಕ ಬಾಯಿಗೆ ಸೆರಗು ಒತ್ತಿ ನಕ್ಕಳು. ಅವನೂ ನಕ್ಕ.

ಕೊನೆಗೆ ಅಟ್ಟದಿಂದ ಒಂದು ಪುಟ್ಟ ಬ್ಯಾಗು ಇಳಿಯಿತು. ಯಾರೂ ಕೇಳದೆ ಧೂಳು ಹಿಡಿದಿತ್ತು. ಸೊಂಟಕ್ಕೆ ಕಟ್ಟಿಕೊಳ್ಳುವಂಥದ್ದು, ಗಟ್ಟಿ ತಳ, ಅಯಸ್ಕಾಂತದ ಮುಚ್ಚಳ. ಹೆಬ್ಬೆರಳು ತಾಗಿಸಿದರೆ ಸಾಕು, ಮುಚ್ಚಳ ಆಚೆಗೆ ಬಿದ್ದುಕೊಳ್ಳುತ್ತಿತ್ತು. ಆದರೆ ಕ್ಯಾಮೆರಾವನ್ನು ಒಳಗಿಟ್ಟು ಲೆನ್ಸ್ ತಿರುಗಿಸಿದರೆ ಜೊತೆಗೆ ಕ್ಯಾಮೆರಾವೂ ತಿರುಗಿತು.

“ಒಂದು ನಿಮಿಷ,” ಎಂದು ಅವಳು ಎಡಗೈ ಬಿಡಿಸಿಕೊಂಡು ಯಂತ್ರದ ಮುಂದೆ ಕೂತಳು. ಒಂದು ನಿಮಿಷ ಹೋಗಿ ಒಂದು ಗಂಟೆಯಾಯಿತು. ದಪ್ಪ ಸ್ಪಂಜು ಕತ್ತರಿಸಿದಳು, ಹೊಲಿದಳು, ಕ್ಯಾಮೆರಾ ಇಟ್ಟು ಅಲುಗಿಸಿದಳು, ಬಿಚ್ಚಿದಳು, ಮತ್ತೆ ಹೊಲಿದಳು. ನಾಲ್ಕನೆಯ ಸಲಕ್ಕೆ ಕ್ಯಾಮೆರಾ ಲೆನ್ಸಿನ ಬಾಯಿ ಮೇಲೆ ಮಾಡಿಕೊಂಡು ಅಲ್ಲಾಡದಂತೆ ಕೂತಿತು.

ಅವನು ಬ್ಯಾಗು ಕಟ್ಟಿಕೊಂಡು ನಿಂತ. ಹೆಬ್ಬೆರಳಲ್ಲಿ ಕ್ಯಾಮೆರಾದ ಗುಂಡಿ ಒತ್ತಿ, ಉಳಿದ ಬೆರಳಲ್ಲಿ ಲೆನ್ಸ್ ತಿರುಗಿಸಿದ. ಅದು ಕಳಚಿ ಕೈಗೆ ಬಂತು. ಅದನ್ನು ಪಕ್ಕದ ಗೂಡಿಗೆ ಇಳಿಸಿ ಇನ್ನೊಂದನ್ನು ಕೂರಿಸಿದ. ಟಿಕ್ ಎಂದಿತು. ಮತ್ತೆ ಮಾಡಿದ. ಮತ್ತೊಮ್ಮೆ. ಮೂವರೂ ಆ ಟಿಕ್ ಶಬ್ದಕ್ಕೇ ಕಿವಿಗೊಟ್ಟಿದ್ದರು.

ಅವನು ಏನೋ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಅಂಗಡಿಯಾಕೆ ಗಡಿಯಾರ ನೋಡಿ ಹೇಳಿದಳು: “ಇಪ್ಪತ್ತು ಸೆಕೆಂಡು. ತುಂಬಾ ನಿಧಾನ. ಇನ್ನೂ ನಾಲ್ಕು ದಿನ ಇದೆ, ದಿನಕ್ಕೆ ನೂರು ಸಲ ಮಾಡಿ.”

ಸೋಮವಾರ ಬೆಳಿಗ್ಗೆ ಅಕ್ಕ ಪತ್ರಿಕೆ ಹಿಡಿದುಕೊಂಡು ಅಂಗಡಿಗೆ ಓಡಿಬಂದಳು. ತಮ್ಮ ಆಗಲೇ ಇನ್ನೊಂದು ಕೆಲಸಕ್ಕೆ ಹೊರಟಾಗಿತ್ತು. ಮುಖಪುಟದಲ್ಲಿ ಅವನ ಎರಡು ಚಿತ್ರಗಳು ಅಕ್ಕಪಕ್ಕದಲ್ಲಿದ್ದವು. ಒಂದರಲ್ಲಿ ದೂರದ ಇಳಿಜಾರಿನ ತಿರುವಿನಲ್ಲಿ ಸವಾರರ ಹಿಂಡು, ಮುಂದಿದ್ದ ಹುಡುಗಿ ಆಗತಾನೇ ವಾಲುತ್ತಿದ್ದಳು. ಇನ್ನೊಂದರಲ್ಲಿ ಅದೇ ಹುಡುಗಿ ಜಾರಿ ಬಂದು ಅವನ ಕಾಲ ಬುಡದಲ್ಲಿ ಬಿದ್ದಿದ್ದಳು. ಮೊಣಕೈಗೆ ಅಂಟಿದ ಜಲ್ಲಿಕಲ್ಲನ್ನು ಎಣಿಸಬಹುದಿತ್ತು. ಕೈ ಆಗಲೇ ಸೈಕಲ್ಲಿನ ಹ್ಯಾಂಡಲ್ ಹುಡುಕುತ್ತಿತ್ತು.

ಅಂಗಡಿಯಾಕೆ ಕನ್ನಡಕ ಇಳಿಸಿಕೊಂಡು ನೋಡಿಯೇ ನೋಡಿದಳು. ಎರಡು ಚಿತ್ರಗಳ ನಡುವಿನ ಬಿಳಿ ಗೆರೆಯ ಮೇಲೆ ಬೆರಳಿಟ್ಟು ಕೇಳಿದಳು. “ಇಲ್ಲಿ ಲೆನ್ಸ್ ಬದಲಾಯಿಸೋಕೆ ಎಷ್ಟು ಹೊತ್ತು ತಗೊಂಡ್ರಂತೆ?”

“ಎಂಟು ಸೆಕೆಂಡಂತೆ.”

ಅವಳು ತಿರುಗಿ ಹೊಲಿಗೆ ಯಂತ್ರದ ಕಡೆ ನೋಡಿದಳು. ಅಲ್ಲಿ ಅದೇ ಅಳತೆಯ ಇನ್ನೊಂದು ಬ್ಯಾಗಿನೊಳಗೆ ಯಾವುದೋ ಕಾಲದ ಕೆಟ್ಟ ಕ್ಯಾಮೆರಾವೊಂದು ಬಾಯಿ ಮೇಲೆ ಮಾಡಿಕೊಂಡು ಕೂತಿತ್ತು.

“ಎಂಟಾ!” ಎಂದಳು. “ನಂದು ಇನ್ನೂ ಹನ್ನೊಂದರಿಂದ ಕೆಳಗೆ ಇಳೀತಾನೇ ಇಲ್ಲ.”