ಹೆಸರು ಮಾಡಿದ ಆಚಾರ್ರು

“ನಡದಾನಂತ! ಯಾರ ಕಾಲ್ಲೆ ನಡದಾನ, ಅದನ್ನ ಕೇಳ್ರಿ ಮೊದಲ.”

ವಾದಿರಾಜಾಚಾರ್ಯರ ದನಿಗೆ ಮಠದ ನಡುಮನೆಯ ಕಂಬಗಳೂ ಬೆಚ್ಚಿದಂತಾಯಿತು. ಎದುರಿಗೆ ಕೂತಿದ್ದ ಹನುಮಂತ ತಲೆ ಎತ್ತಲಿಲ್ಲ. ದೇವದುರ್ಗದ ಸಾಲಿ ಮಾಸ್ತರ, ಒಣಕಲು ಆಸಾಮಿ. ಆಚಾರ್ಯರು ಅವನ ಕಣಕಾಲನ್ನು ನೋಡಿ, ಅಗಿದು ಉಗುಳಿದ ಕಬ್ಬಿನ ಸಿಪ್ಪೆ ಕಂಡವರಂತೆ ಮುಖ ತಿರುಗಿಸಿದರು.

ದೇವದುರ್ಗದಿಂದ ರಾಯಚೂರಿಗೆ, ಏಕಾದಶಿಯ ಉಪವಾಸದಲ್ಲಿ, ಹನಿ ನೀರೂ ಮುಟ್ಟದೆ, ಸೂರ್ಯ ಹುಟ್ಟಿದ ಮೇಲೆ ಹೊರಟು ಮುಳುಗುವ ಮೊದಲು ಮುಟ್ಟುವುದು! ಆ ಸೀಮೆಯಲ್ಲಿ ಅದನ್ನು ಸಾಧಿಸಿದವರು ಮಾನ್ವಿಯ ವಾದಿರಾಜಾಚಾರ್ಯರೊಬ್ಬರೇ. ಎರಡನೆಯ ಮಹಾಯುದ್ಧ ಇನ್ನೂ ನಡೆದಿದ್ದಾಗಿನ ಮಾತು, ಒಂದು ವೈಕುಂಠ ಏಕಾದಶಿಯಂದು. ಅಂದಿನಿಂದ, ಶ್ರಾವಣದಲ್ಲಿ ಮಂಚಾಲೆಗೆ ರಾಯರ ಆರಾಧನೆಗೆಂದು ನಡೆದು ಹೋಗುವವರ ಮುಂದೆ ಬೆಳ್ಳಿಯ ಪಾದುಕೆ ಹೊತ್ತು ಸಾಗುವ ಭಾಗ್ಯ ಅವರದಾಗಿತ್ತು. ಹಾದಿಯ ಊರುಗಳಲ್ಲಿ ಮುತ್ತೈದೆಯರು ಅವರ ಕಾಲಿಗೆ ನೀರೆರೆದು, ಆ ನೀರನ್ನು ಮಕ್ಕಳ ತಲೆಗೆ ಚಿಮುಕಿಸುತ್ತಿದ್ದರು.

ಈಗ ಯುದ್ಧ ಮುಗಿದಿತ್ತು. ಹೋದ ವೈಕುಂಠ ಏಕಾದಶಿಯಂದು ಈ ಮಾಸ್ತರ ಅದೇ ಹಾದಿಯನ್ನು, ದನ ಮನೆಗೆ ಬರುವ ಮೊದಲೇ ಮುಗಿಸಿದನಂತೆ. ನಿಜವಾದರೆ ಪಾದುಕೆ ಇವನ ತಲೆಗೆ. ಅದನ್ನು ತೀರ್ಮಾನಿಸಲು ಮಠದ ಹಿರಿಯರಾದ ಶ್ಯಾಮರಾಯರು ರಾಯಚೂರಿನ ಮಠದಲ್ಲಿ ಎಲ್ಲರನ್ನೂ ಕೂಡಿಸಿದ್ದರು.

ಬರಿಯ ಕಾಲಿಗೆ ದಕ್ಕುವ ಹಾದಿ ಅದಲ್ಲ ಎಂಬುದು ಆಚಾರ್ಯರಷ್ಟು ಚೆನ್ನಾಗಿ ಬೇರಾರಿಗೂ ಗೊತ್ತಿರಲಿಲ್ಲ. ಅದಕ್ಕೆ ಹರಿಯ ಕೃಪೆ ಬೇಕು ಎಂದು ಪುರಾಣದ ನಡುವೆ ಎಷ್ಟೋ ಸಲ ಹೇಳಿದ್ದರು. ಆ ಕೃಪೆ ಈ ಸಿಪ್ಪೆಯ ಮೇಲೆ ಆಗುವುದುಂಟೇ?

ಸಾಕ್ಷಿಯನ್ನು ಅವರೇ ಹುಡುಕಿಸಿದ್ದರು. ಗಬ್ಬೂರಿನ ಹಾದಿಬದಿಯ ಬೇವಿನ ಕೆಳಗೆ ಚುರುಮುರಿ, ಪುಠಾಣಿ ಮಾರುವ ಮುನವ್ವರ್ ಬೀ. ಆ ಹಾದಿಯಲ್ಲಿ ನಾಯಿ ಸುಳಿದರೂ ಅವಳ ಕಣ್ಣು ತಪ್ಪುವುದಿಲ್ಲ ಎಂದು ಯಾರೋ ಅಂದಿದ್ದರು. ಆಚಾರ್ಯರು ಗಾಡಿ ಕಳಿಸಿದ್ದರು. ಅವಳ ಮುಖ ಹೇಗಿದೆಯೆಂದು ಅವರಿಗೆ ತಿಳಿಯದು. ಅಂಥವರ ಮುಖ ನೋಡುವ ರೂಢಿ ಅವರಿಗಿರಲಿಲ್ಲ.

“ಗಾಡ್ಯಾಗ ಒಂದು ಹಿಡಿ ಹುಲ್ಲರ ಹಾಸಬಾರದೇನ್ರಿ? ನನ್ನ ಸೊಂಟ ಹೋತು!” ಅಂಗಳದ ಬಿಸಿಲಿನಿಂದ ದನಿ ಬಂತು.

“ಬಾಯಿ ನೋಡು ಅದರದು,” ಎಂದರು ಆಚಾರ್ಯರು. ಅವರು ಮಡಿಯಲ್ಲಿದ್ದರು, ಅವಳೊಡನೆ ನೇರ ಮಾತಿಲ್ಲ. ಒಳಗಿನ ಕತ್ತಲಲ್ಲಿ ಕೂತೇ ಮಠದ ಆಳು ಗದ್ದೆಪ್ಪನನ್ನು ಕರೆದರು. “ಕೇಳೋ ಗದ್ದೆಪ್ಪಾ. ನಡಿಗಿಯೊಳಗ ದೊಡ್ಡ ಹೆಸರು ಮಾಡ್ಯಾರಲ್ಲ ಆಚಾರ್ರು, ಅವರನ್ನ ವೈಕುಂಠ ಏಕಾದಶಿ ದಿನ ನೋಡೀ ಏನಂತ ಕೇಳು.”

‘ಆಚಾರ್ರು’ ಎಂಬ ಆ ಗೌರವವನ್ನು ಅವರು ಹನುಮಂತನ ಮುಖಕ್ಕೆ ಉಗುಳಿದಂತೆ ಆಡಿದ್ದರು. ನಾಲ್ಕು ಮಂದಿ ನಕ್ಕರು. ಗದ್ದೆಪ್ಪ ಹೊಸ್ತಿಲಾಚೆ ಹೋಗಿ, ಅದೇ ಮಾತನ್ನು ಕೈಮುಗಿದಂಥ ದನಿಯಲ್ಲಿ ಕೇಳಿದ.

“ಏಕಾದಶಿ ಗೀಕಾದಶಿ ನನಗ ತಿಳೀದೋ ಯಪ್ಪಾ. ಗುಡಿಯಾಗ ದಿನಾಪೂರಾ ಭಜನಿ ನಡದಿತ್ತಲ್ಲ, ಅವತ್ತಽ ಏನು? ನೋಡೀನಿ. ಭಾಳ ಅವಸರದಾಗಿದ್ರು. ಹಣಿಮ್ಯಾಗ ಕರೀ ಗೆರಿ, ಅದರ ಬುಡಕ್ಕ ಕೆಂಪು ಬೊಟ್ಟು. ಬೊಟ್ಟು ಇನ್ನಾ ಹಸೀ ಇತ್ತು.”

ನಡುಮನೆಯ ಕಣ್ಣೆಲ್ಲ ಹನುಮಂತನ ಹಣೆಗೆ ತಿರುಗಿತು.

ಅಂಗಾರದ ಕರಿಯ ಗೆರೆಯ ಬುಡದಲ್ಲಿ ಅಕ್ಷತೆಯ ಕೆಂಪು ಬೊಟ್ಟು ಇಡುವುದು ಊಟದ ಎಲೆಯ ಮುಂದೆ ಕೂರುವವನು. ಏಕಾದಶಿಯಂದು ಬರಿಯ ಗೆರೆ, ಬೊಟ್ಟಿಲ್ಲ. ವೈಷ್ಣವರ ಮನೆಯ ಕೂಸಿಗೂ ಇದು ಗೊತ್ತು.

“ಕೇಳಿದ್ರೇನು!” ಆಚಾರ್ಯರು ಎದ್ದು ನಿಂತರು. “ಹರಿವಾಸರದ ದಿನ ಅಕ್ಷತಿ! ಉಂಡಾನ, ಹೊಟ್ಟಿ ತುಂಬ ಉಂಡಾನ! ಇಂಥಾಂವ ರಾಯರ ಪಾದುಕಾ ಹೊರಬೇಕಂತ!”

ಶ್ಯಾಮರಾಯರು ಗಡ್ಡ ತುರಿಸಿಕೊಂಡರು. “ಅಲ್ರೀ, ಕದ್ದು ಉಣ್ಣಾಂವ ಬೊಟ್ಟು ಯಾಕ ಇಟ್ಟುಕೊಂತಾನ?”

“ರೂಢಿ ರೀ ರಾಯರ! ಉಣ್ಣಾಕ ಕುಂತ್ರ ಕೈ ತಾನಽ ಹಣಿಗೆ ಹೋಗ್ತದ. ಆಮ್ಯಾಲೆ ಒರಸ್ಕೋಬೇಕಂತ ನೆನಪಿರೂದಿಲ್ಲ.”

“ಮುದುಕಿ ತಪ್ಪಿ ನೋಡಿದ್ರ?”

“ನಮ್ಮ ಆಚಾರದ ವಾಸನಿ ಗೊತ್ತಿಲ್ಲದಾಕಿ. ಬೊಟ್ಟಿನ ಅರ್ಥಾನಽ ತಿಳೀದಾಕಿ ಬೊಟ್ಟಿನ ಸುಳ್ಳು ಹ್ಯಾಂಗ ಕಟ್ತಾಳ್ರೀ? ಈಕಿ ಮಾತಿಗೆ ನಾನಽ ಜಾಮೀನು.”

ಶ್ಯಾಮರಾಯರು ಕೂತವರ ಮುಖಗಳನ್ನು ಒಂದೊಂದಾಗಿ ನೋಡಿದರು. ಆಮೇಲೆ, “ಹಂಗಾದ್ರ ಆತು,” ಎಂದರು. “ಆ ಬೊಟ್ಟು ಇಟ್ಟಾಂವ ಯಾವನಿದ್ರೂ ಇನ್ನ ಜನ್ಮದಾಗ ಪಾದುಕಾ ಮುಟ್ಟೋಹಂಗಿಲ್ಲ.” ಸುತ್ತ ಕೂತವರು ಹೌದೆಂದರು.

“ಆಕಿ ನನ್ನ ಮುಖಾ ನೋಡಿ ಹೇಳಲಿ,” ಎಂದ ಹನುಮಂತ. ಅಂದು ಅವನಾಡಿದ ಮಾತು ಅದೊಂದೇ.

“ಅಯ್ಯಯ್ಯ, ಅದಕ್ಕೇನು? ಬಾರಪಾ ವಾಯುಪುತ್ರ!” ಆಚಾರ್ಯರಿಗೆ ಮಡಿಯ ನೆನಪೂ ಉಳಿಯಲಿಲ್ಲ. ಇವನ ಮುಖ ಕಪ್ಪಿಡುವುದನ್ನು ಹತ್ತಿರದಿಂದ ನೋಡಬೇಕೆಂದು ತಾವೇ ಮುಂದಾಗಿ ಬಾಗಿಲು ದಾಟಿ ಬಿಸಿಲಿಗೆ ಬಂದರು. ಹಿಂದೆ ಹನುಮಂತ. ಅವನ ಹಿಂದೆ ಇಡೀ ನಡುಮನೆ.

ಮುನವ್ವರ್ ಬೀ ಹುಬ್ಬಿನ ಮೇಲೆ ಕೈಯಿಟ್ಟು ಇಬ್ಬರನ್ನೂ ನೋಡಿದಳು. ಬೊಚ್ಚು ಬಾಯಿ ಅಗಲವಾಯಿತು.

“ಇಲ್ಲೇ ಅದಾರಲ್ರೀ ಹೆಸರು ಮಾಡಿದ ಆಚಾರ್ರು!” ಎಂದು ಅವಳು ವಾದಿರಾಜಾಚಾರ್ಯರಿಗೆ ಬಾಗಿ ಸಲಾಮು ಮಾಡಿದಳು. “ಅವತ್ತು ಆ ಹತ್ತಿ ಲಾರಿ ಹತ್ತಿ ಹೋದ್ರಲ್ರೀ ಸ್ವಾಮೇರ, ಹೊತ್ತು ಮುಣಗೂದ್ರೊಳಗ ರಾಯಚೂರು ಮುಟ್ಟಿದ್ರೇನು?”